ಪೊರೆ ತೆಗೆದ ಮೇಲೆ ಕಣ್ಣು ಹೋಯಿತೇ?

"ಆಪರೇಷನ್ ಮಾಡಿಸ್ಕಂಡ, ಇದ್ದ ಕಣ್ಣೂ ಕಳ್ಕಂಡ." ಈ ಮಾತು ಕೇಳದ ಹಳ್ಳಿ ನಮ್ಮ ಬಯಲುಸೀಮೆಯಲ್ಲಿ ಇರಲಾರದು. ಊರಲ್ಲಿ ಯಾರೋ ಒಬ್ಬರಿಗೆ ಹಾಗಾಗಿರುತ್ತದೆ. ಆಮೇಲೆ ಹತ್ತು ಮಂದಿ ಮುದುಕರು, ಮುದುಕಿಯರು ಕಣ್ಣಲ್ಲಿ ಪೊರೆ ಬೆಳೆದು ಕೊಟ್ಟಿಗೆಗೂ ತಡವರಿಸಿಕೊಂಡು ಹೋಗುವಂತಾದರೂ ಆಸ್ಪತ್ರೆ ಕಡೆ ತಲೆ ಹಾಕುವುದಿಲ್ಲ. "ಮಂಜಾದ್ರೂ ಸರಿ, ಇರೋದು ಇರ್ಲಿ" ಅಂತಾರೆ.

ಈ ಮಾತಲ್ಲಿ ಕಾಳೆಷ್ಟು, ಜೊಳ್ಳೆಷ್ಟು ಅಂತ ತೂರಿ ನೋಡುವ ಕೆಲಸ ನನಗೆ ಬಂದದ್ದು ನಮ್ಮಕ್ಕನ ದೆಸೆಯಿಂದ. ಆಕೆಗೆ 72 ವರ್ಷ. ಎರಡೂ ಕಣ್ಣಿಗೆ ಪೊರೆ. ಪರೀಕ್ಷೆ ಮಾಡಿದ ಡಾಕ್ಟ್ರು "ಪೊರೆ ಒಂದೇ ಅಲ್ಲ, ಎಡಗಣ್ಣಿನ ಹಿಂದಿನ ಪರದೆಯೂ ಸವೆದಿದೆ" ಅಂದರು. ಪೊರೆ ತೆಗೆಸಿದರೆ ಆ ಪರದೆ ಇನ್ನೂ ಕೆಡ್ತದಾ? ತೆಗೆಸಿಯೂ ಏನಾದರೂ ಲಾಭ ಇದೆಯಾ? ಇದಕ್ಕೆ ಉತ್ತರ ಸಿಗುವ ತನಕ ಅಕ್ಕನ ಮಕ್ಕಳು ಒಪ್ಪಿಗೆ ಕಾಗದಕ್ಕೆ ಸಹಿ ಹಾಕಲಿಲ್ಲ.

ನಾನು ಓದಿದ್ದು ಏಳನೇ ಕ್ಲಾಸು. ಆದರೆ ತಂಗಿಯ ಮಗ ಒಂದು ಕಣ್ಣಾಸ್ಪತ್ರೆಯಲ್ಲಿ ದೃಷ್ಟಿ ಪರೀಕ್ಷೆ ಮಾಡುವ ಕೆಲಸದಲ್ಲಿದ್ದಾನೆ. ಇಂಗ್ಲಿಷಿನಲ್ಲಿದ್ದದ್ದನ್ನು ಅವನು ಓದಿ ಬಿಡಿಸಿ ಹೇಳಿದ. ಡಾಕ್ಟ್ರನ್ನು ನಾನು ಕೇಳಿ ಕೇಳಿ ಬೇಸರ ತರಿಸಿದೆ. ಹಾಗೆ ಗೊತ್ತಾದದ್ದು ಇಲ್ಲಿದೆ. ಈ ಪತ್ರಿಕೆ ಓದುವವರ ಮನೆಗಳಲ್ಲಿ 60 ದಾಟಿದವರು ಒಬ್ಬರಾದರೂ ಇದ್ದೇ ಇರ್ತಾರೆ. ಬೆಳೆ ವಿಚಾರ ಅಲ್ಲದಿದ್ದರೂ ಓದಿ.

ಮುಂದೆ ಗಾಜು, ಹಿಂದೆ ಪರದೆ

ಹಳೇ ಕಾಲದ ರೀಲು ಕ್ಯಾಮೆರಾ ನೋಡಿದ್ದೀರಲ್ಲ. ಮುಂದೆ ಲೆನ್ಸು, ಹಿಂದೆ ರೀಲು. ಕಣ್ಣೂ ಹಾಗೇ. ಕಪ್ಪು ಪಾಪೆಯ ಹಿಂದೆಯೇ ಒಂದು ಲೆನ್ಸಿದೆ. ಪುಸ್ತಕದಲ್ಲಿ ಮಸೂರ ಅಂತ ಬರೀತಾರೆ. ಮಸೂರ ಅಂದರೆ ನಮ್ಮ ಚನ್ನಂಗಿ ಬೇಳೆ, ಆ ಆಕಾರಕ್ಕೇ ಆ ಹೆಸರು. ಚಿಕ್ಕಂದಿನಲ್ಲಿ ಇದು ನೀರಿನಂತೆ ತಿಳಿಯಾಗಿರ್ತದೆ. ವಯಸ್ಸಾದಂತೆ ಮಂಜಾಗ್ತದೆ, ಹಳದಿಯಾಗ್ತದೆ, ಬಲಿತರೆ ಕಂದು ಬಣ್ಣಕ್ಕೂ ತಿರುಗ್ತದೆ. ಇದೇ ಪೊರೆ. ಎಲ್ಲಿಂದಲೋ ಬಂದು ಕಣ್ಣಿನ ಮೇಲೆ ಕವುಚಿಕೊಂಡ ಚರ್ಮ ಅಂತ ಬಹಳ ಜನ ತಿಳಿದಿದ್ದಾರೆ. ಹಾಗಲ್ಲ, ಕೆಟ್ಟಿರುವುದು ನಮ್ಮದೇ ಲೆನ್ಸು. ಸೊಪ್ಪಿನ ರಸ ಹಿಂಡಿದರೆ ಕರಗುವುದಿಲ್ಲ, ಡ್ರಾಪ್ಸ್ ಹಾಕಿದರೂ ಹೋಗುವುದಿಲ್ಲ. ತೆಗೆಯುವುದೊಂದೇ ದಾರಿ.

ಕಣ್ಣಿನ ಹಿಂಬದಿ ಗೋಡೆಗೆ ಒಂದು ತೆಳ್ಳನೆ ಪರದೆ ಇದೆ. ಅಕ್ಷಿಪಟಲ, ಆಸ್ಪತ್ರೆಯವರ ಬಾಯಲ್ಲಿ ರೆಟಿನಾ. ರೀಲಿನ ಕೆಲಸ ಇದರದ್ದು. ಇದರ ನಡುವೆ ಐದೂವರೆ ಮಿಲಿಮೀಟರ್ ಅಗಲದ, ಅಂದರೆ ಒಂದು ತೊಗರಿಕಾಳಿನಷ್ಟು ಜಾಗಕ್ಕೆ ಮ್ಯಾಕ್ಯುಲಾ ಅಂತ ಹೆಸರು. ಅಕ್ಷರ ಓದುವುದು, ಸೂಜಿಗೆ ದಾರ ಪೋಣಿಸುವುದು, ಎದುರು ಬಂದವರ ಮುಖ ಗುರುತಿಸುವುದು, ಬೀಜದಲ್ಲಿ ಕಲ್ಲು ಆರಿಸುವುದು ಎಲ್ಲ ಈ ತೊಗರಿಕಾಳಿನಷ್ಟು ಜಾಗದ ಕೆಲಸ. ಉಳಿದ ಪರದೆ ಪಕ್ಕದ ನೋಟಕ್ಕೆ. ದಾರಿಯ ಗುಂಡಿ, ಕಟ್ಟಿದ ಗೂಟ, ಹಾಯಲು ಬಂದ ಎತ್ತು ಇವು ಅದರಲ್ಲಿ ಕಾಣ್ತವೆ.

ವಯಸ್ಸಿನಿಂದ ಮ್ಯಾಕ್ಯುಲಾ ಸವೆಯುವ ಕಾಯಿಲೆಗೆ ಡಾಕ್ಟ್ರುಗಳು ಎ.ಎಂ.ಡಿ. ಅಂತಾರೆ. ಚೀಟಿಯಲ್ಲೂ ಹಾಗೇ ಬರೀತಾರೆ, ಗುರುತಿಟ್ಟುಕೊಳ್ಳಿ. ನಾನು ಇಲ್ಲಿ ನಡುಪರದೆ ಸವೆತ ಅಂತ ಬರೀತೇನೆ.

ಪೊರೆ ಗಾಜಿನ ಕಾಯಿಲೆ, ಸವೆತ ಪರದೆಯ ಕಾಯಿಲೆ. ಎರಡೂ ವಯಸ್ಸಾದವರಿಗೇ ಬರುವುದರಿಂದ ಒಂದೇ ಕಣ್ಣಲ್ಲಿ ಎರಡೂ ಸೇರಿಕೊಳ್ಳುವುದು ಆಶ್ಚರ್ಯವಲ್ಲ. ಪೊರೆಯಾದರೆ ನೋಟವೆಲ್ಲ ಹೊಗೆ ಹಿಡಿದ ಲಾಟೀನು ಬುರುಡೆ ಆಗ್ತದೆ. ರಾತ್ರಿ ಎದುರು ಬರುವ ಲಾರಿ ದೀಪ ಕಣ್ಣು ಕುಕ್ಕುತ್ತದೆ, ಬಣ್ಣ ಮಾಸುತ್ತದೆ. ಸವೆತವಾದರೆ ಬದಿಯೆಲ್ಲ ಚೆನ್ನಾಗಿದ್ದು ನೋಡಬೇಕೆಂದ ಜಾಗದಲ್ಲೇ ಮಸುಕು. ಅಕ್ಕ ಹೇಳುತ್ತಿದ್ದಳು, "ನಿನ್ನ ಕಿವಿ ಕಾಣ್ತೈತೆ ಕಣೋ, ಮೂಗು ಎಲ್ಲೈತೋ ಗೊತ್ತಾಗಲ್ಲ." ಪೊರೆ ಒಂದೇ ಇದ್ದವರು ಹೀಗೆ ಹೇಳುವುದಿಲ್ಲ. ಮನೆಯ ಹಿರಿಯರು ಇಂಥ ಮಾತಾಡಿದರೆ ಡಾಕ್ಟ್ರಿಗೆ ಅದೇ ಮಾತಲ್ಲಿ ತಿಳಿಸಿ. "ಕಣ್ಣು ಮಂಜು" ಅಂತ ಒಂದೇ ಮಾತಲ್ಲಿ ಮುಗಿಸಬೇಡಿ.

ಇದರಲ್ಲೂ ಖುಷ್ಕಿ, ತರಿ

ನಮ್ಮ ಜಮೀನಿನಂತೆ ಈ ಸವೆತದಲ್ಲೂ ಖುಷ್ಕಿ, ತರಿ ಅಂತ ಎರಡು ಬಗೆ. ಆದರೆ ಲೆಕ್ಕ ತಿರುಗಾಮುರುಗಾ. ಇಲ್ಲಿ ಖುಷ್ಕಿಯೇ ಸೌಮ್ಯ, ತರಿಯೇ ಕೆಟ್ಟದ್ದು.

ಒಣ ಬಗೆಯಲ್ಲಿ ಪರದೆಯ ಅಡಿ ಹಳದಿ ಬಣ್ಣದ ಸಣ್ಣ ಸಣ್ಣ ಕಸ ಕೂಡುತ್ತದೆ. ಇದಕ್ಕೆ ಡ್ರೂಸೆನ್ ಅಂತಾರೆ. ವರ್ಷಗಟ್ಟಲೆ ನಿಧಾನವಾಗಿ ಸವೆಯುತ್ತಾ ಹೋಗ್ತದೆ. ಹೆಚ್ಚಿನವರಿಗೆ ಇರುವುದು ಇದೇ, ಬಹಳ ಜನಕ್ಕೆ ಮೊದಮೊದಲು ಗೊತ್ತೂ ಆಗುವುದಿಲ್ಲ. ತೇವದ ಬಗೆಯಲ್ಲಿ ಪರದೆಯ ಅಡಿಯಿಂದ ಬೇಡದ ರಕ್ತನಾಳಗಳು ಕಳೆಯಂತೆ ಹುಟ್ಟಿ ಮೇಲೆ ಬರ್ತವೆ. ಅವಕ್ಕೆ ಗಟ್ಟಿತನ ಇಲ್ಲ, ಸೋರುತ್ತವೆ. ನೀರು, ರಕ್ತ ತುಂಬಿ ಪರದೆ ಉಬ್ಬುತ್ತದೆ. ವಾರಗಳ ಲೆಕ್ಕದಲ್ಲಿ ನಡುನೋಟ ಹೋಗಬಹುದು. ಒಣ ಬಗೆ ಇದ್ದವರಿಗೆ ಮುಂದೊಂದು ದಿನ ತೇವದ್ದೂ ಶುರುವಾಗಬಹುದು. ಅದಕ್ಕೇ ಒಣದ್ದು ಅಂತ ಅಸಡ್ಡೆ ಮಾಡುವ ಹಾಗಿಲ್ಲ.

ಉತ್ತರ, ದಕ್ಷಿಣ ಭಾರತ ಎರಡೂ ಕಡೆ 60 ವರ್ಷ ದಾಟಿದವರ ಕಣ್ಣು ನೋಡಿ ಮಾಡಿದ ಇಂಡ್‌ಐ ಅನ್ನುವ ಅಧ್ಯಯನದ ವರದಿ 2010ರಲ್ಲಿ ಬಂತು. ಸವೆತ ಕೊನೆ ಹಂತ ಮುಟ್ಟಿದವರು ನೂರಕ್ಕೆ ಸುಮಾರು 1.2. ಪೊರೆಗೆ ಹೋಲಿಸಿದರೆ ಇದು ಕಡಿಮೆ. ಹಾಗಾಗಿ ನಿಮ್ಮ ಮನೆಯವರಿಗೆ ಪೊರೆ ಅಂದ ತಕ್ಷಣ ಇದೂ ಇದೆ ಅಂತ ಹೆದರುವ ಕಾರಣವಿಲ್ಲ.

ಅಪವಾದ ಹುಟ್ಟಿದ್ದು ಹೇಗೆ

ನಮ್ಮ ಕಡೆಯ ಹಿರಿಯರಿಗೆ ಪೊರೆ ಆಪರೇಷನ್ ಅಂದರೆ ನೆನಪಾಗುವುದು ಡಾ. ಎಂ. ಸಿ. ಮೋದಿ. ಬೀಳಗಿಯವರು. ಊರೂರಿಗೆ ಹೋಗಿ ಶಾಲೆ, ಛತ್ರಗಳಲ್ಲೇ ಶಿಬಿರ ಮಾಡಿ ಲಕ್ಷಗಟ್ಟಲೆ ಬಡವರಿಗೆ ಕಣ್ಣು ಕೊಟ್ಟವರು. 2005ರಲ್ಲಿ ತೀರಿಕೊಂಡರು. ಆ ಕಾಲದ ಶಿಬಿರಗಳಲ್ಲಿ ಕೆಟ್ಟ ಲೆನ್ಸು ತೆಗೆದು ಸೋಡಾ ಬಾಟ್ಲಿ ತಳದಂಥ ದಪ್ಪ ಕನ್ನಡಕ ಕೊಡುತ್ತಿದ್ದರು. ಒಳಗೆ ಬೇರೆ ಲೆನ್ಸು ಕೂರಿಸುವ ಪದ್ಧತಿ ನಮ್ಮ ಹಳ್ಳಿಗಳವರೆಗೆ ಬಂದದ್ದು ಬಹಳ ತಡವಾಗಿ.

ಕಣ್ಣೊಳಗೆ ಕೂರಿಸುವ ಲೆನ್ಸಿನ ಕಥೆ ಸ್ವಾರಸ್ಯವಾಗಿದೆ. ಎರಡನೇ ಮಹಾಯುದ್ಧದಲ್ಲಿ ಇಂಗ್ಲೆಂಡಿನ ವಿಮಾನ ಹಾರಿಸುವವರ ಕಣ್ಣಿಗೆ ಒಡೆದ ಕಿಟಕಿಯ ಪ್ಲಾಸ್ಟಿಕ್ ಚೂರು ಹೊಕ್ಕರೂ ಕಣ್ಣು ಅದನ್ನು ತಿರಸ್ಕರಿಸದೆ ಸುಮ್ಮನೆ ಇಟ್ಟುಕೊಂಡದ್ದನ್ನು ಹೆರಾಲ್ಡ್ ರಿಡ್ಲಿ ಅನ್ನುವ ಡಾಕ್ಟ್ರು ಗಮನಿಸಿದರು. ಅದೇ ಜಾತಿಯ ಪ್ಲಾಸ್ಟಿಕ್ಕಿನಲ್ಲಿ ಲೆನ್ಸು ಮಾಡಿಸಿ 1949ರಲ್ಲಿ ಲಂಡನ್ನಿನಲ್ಲಿ ಮೊದಲ ಸಲ ಕೂರಿಸಿದರು. ನಮ್ಮ ದೇಶದಲ್ಲಿ ಮಧುರೈನ ಅರವಿಂದ ಕಣ್ಣಾಸ್ಪತ್ರೆಯವರು 1992ರಲ್ಲಿ ಅರೋಲ್ಯಾಬ್ ಶುರು ಮಾಡಿ ಕಡಿಮೆ ಬೆಲೆಗೆ ಲೆನ್ಸು ತಯಾರಿಸಿದ ಮೇಲೆ ಬಡವರಿಗೂ ಇದು ಕೈಗೆಟುಕಿತು.

ನಮ್ಮ ದೊಡ್ಡಪ್ಪನಿಗೆ ಎಂಬತ್ತರ ದಶಕದಲ್ಲಿ ಯಾವುದೋ ಒಂದು ಶಿಬಿರದಲ್ಲಿ ಪೊರೆ ತೆಗೆದಿದ್ದರು. ದಪ್ಪ ಕನ್ನಡಕ ಹಾಕಿಕೊಂಡು ಒಬ್ಬರೇ ಹೊಲಕ್ಕೆ ಹೋಗಿ ಬರುತ್ತಿದ್ದರು. ಆದರೆ ಮಾತಾಡಿಸಿದ ಮೇಲೇ ಇವನು ಇಂಥವನು ಅಂತ ಗೊತ್ತಾಗುತ್ತಿತ್ತು. "ಡಾಕ್ಟ್ರು ಕಣ್ಣು ಕೆಡಿಸಿಬಿಟ್ಟ" ಅಂತ ಕೊನೇವರೆಗೂ ಬೈದರು. ಬದಿ ಕಾಣುವುದು, ನಡು ಕಾಣದಿರುವುದು; ಈಗ ಯೋಚಿಸಿದರೆ ನಡುಪರದೆ ಸವೆತವೇ ಇದ್ದಿರಬೇಕು ಅನ್ನಿಸ್ತದೆ. ಪರೀಕ್ಷೆ ಆಗಿರಲಿಲ್ಲ, ಹಾಗಾಗಿ ಖಚಿತ ಹೇಳಲಾರೆ. ಆದರೆ ಅವರ ಬೈಗುಳ ಕೇಳಿ ಊರಲ್ಲಿ ನಾಲ್ಕಾರು ಮಂದಿ ಆಪರೇಷನ್ ಬೇಡವೆಂದು ಕುರುಡರಾಗೇ ಸತ್ತದ್ದು ಮಾತ್ರ ನನ್ನ ಕಣ್ಣೆದುರೇ ನಡೆದದ್ದು.

ಡ್ರಿಪ್ ಹಾಕಿಸಿದವರಿಗೆ ಇದು ಬೇಗ ಅರ್ಥವಾಗ್ತದೆ. ಲ್ಯಾಟರಲ್‌ನಲ್ಲಿ ನೀರು ಬರ್ತಿಲ್ಲ. ಫಿಲ್ಟರ್ ಬಿಚ್ಚಿ ನೋಡಿದರೆ ಕೆಸರು ಕಟ್ಟಿದೆ. ತೊಳೆದು ಹಾಕ್ತೀವಿ. ಆದರೂ ನೀರು ಅಷ್ಟಕ್ಕಷ್ಟೇ. ಆಗ ತಿಳೀತದೆ, ಬೋರಿನಲ್ಲೂ ನೀರು ಇಳಿದಿದೆ ಅಂತ. ಫಿಲ್ಟರ್ ತೊಳೆದದ್ದರಿಂದ ಬೋರು ಬತ್ತಿತು ಅಂತ ಯಾರೂ ಹೇಳುವುದಿಲ್ಲ. ಕಣ್ಣಿನ ವಿಷಯಕ್ಕೆ ಬಂದರೆ ಹೇಳ್ತಾರೆ.

ಡಾಕ್ಟ್ರುಗಳಿಗೂ ಇತ್ತು ಈ ಅನುಮಾನ

ಹಳ್ಳಿಯವರಿಗೆ ಮಾತ್ರ ಈ ಸಂಶಯ ಇದ್ದದ್ದಲ್ಲ. ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಬೀವರ್ ಡ್ಯಾಮ್ ಅನ್ನುವ ಊರು, ಆಸ್ಟ್ರೇಲಿಯದ ಸಿಡ್ನಿ ಪಕ್ಕದ ಬ್ಲೂ ಮೌಂಟನ್ಸ್ ಪ್ರದೇಶ, ಎರಡೂ ಕಡೆ ಜನರ ಕಣ್ಣನ್ನು ವರ್ಷಗಟ್ಟಲೆ ನೋಡುತ್ತಾ ಬಂದ ಅಧ್ಯಯನಗಳಿವೆ. ಎರಡರ ಲೆಕ್ಕ ಕೂಡಿಸಿ 2003ರಲ್ಲಿ ಪ್ರಕಟಿಸಿದಾಗ, ಪೊರೆ ತೆಗೆಸಿದ ಕಣ್ಣುಗಳಲ್ಲಿ ಮುಂದಿನ ಐದು ವರ್ಷದೊಳಗೆ ಸವೆತ ಕೊನೆ ಹಂತಕ್ಕೆ ಹೋಗುವುದು ಹೆಚ್ಚು ಅಂತ ಬಂತು. ಕಾರಣ ಏನಿರಬಹುದು ಅಂತಲೂ ಊಹೆ ಮಾಡಿದರು. ಹಳದಿಯಾದ ಹಳೇ ಲೆನ್ಸು ಬಿಸಿಲಿನ ನೀಲಿ ಬೆಳಕನ್ನು ತಡೆಯುತ್ತಿತ್ತು, ತೆಗೆದ ಮೇಲೆ ಪರದೆಗೆ ನೆರಳು ತಪ್ಪಿತು ಅನ್ನುವುದು ಒಂದು. ಆಪರೇಷನ್ನಿನಿಂದಾಗುವ ಉರಿ ಹಿಂದಿನ ಪರದೆಗೂ ತಾಗುತ್ತದೆ ಅನ್ನುವುದು ಇನ್ನೊಂದು.

ಕೇಳಲು ಸರಿ ಅನ್ನಿಸ್ತದೆ. ಆದರೆ ಹೋಲಿಕೆಯಲ್ಲಿ ಒಂದು ತೊಡಕಿತ್ತು. ನಾವು ಹೊಸ ಬೀಜ ಪರೀಕ್ಷೆ ಮಾಡುವಾಗ ನಮ್ಮ ಹೊಲದ ಶೇಂಗಾಕ್ಕೂ ಆಚೆ ಊರಿನವನ ಶೇಂಗಾಕ್ಕೂ ಹೋಲಿಸಿದರೆ ಏನು ತಿಳೀತದೆ? ಮಣ್ಣು ಬೇರೆ, ಬಿತ್ತಿದ ದಿನ ಬೇರೆ, ಬಿದ್ದ ಮಳೆ ಬೇರೆ. ಪೊರೆ ತೆಗೆಸಿದವರು, ತೆಗೆಸದವರು ಹೀಗೆಯೇ ಬೇರೆ ಬೇರೆ ಹೊಲ. ತೆಗೆಸಿದವರಿಗೆ ವಯಸ್ಸು ಹೆಚ್ಚಿರಬಹುದು, ಬೀಡಿ ಸಿಗರೇಟು ಹೆಚ್ಚಿರಬಹುದು. ಅದಕ್ಕಿಂತ ದೊಡ್ಡ ತೊಡಕು ಇನ್ನೊಂದು. ಪೊರೆ ದಪ್ಪ ಇದ್ದಾಗ ಡಾಕ್ಟ್ರಿಗೂ ಹಿಂದಿನ ಪರದೆ ಸರಿಯಾಗಿ ಕಾಣುವುದಿಲ್ಲ. ನಮಗೆ ಹೊರಗಿನದ್ದು ಹೇಗೆ ಮಂಜೋ ಅವರಿಗೆ ಒಳಗಿನದ್ದು ಹಾಗೆ ಮಂಜು. ಆಪರೇಷನ್ ಆದ ಮೇಲೆ ಸ್ವಚ್ಛವಾಗಿ ಕಂಡಾಗ "ಸವೆತ ಇದೆ" ಅಂತ ಬರೆದುಕೊಳ್ತಾರೆ. ಮೊದಲೇ ಇದ್ದದ್ದು ಹೊಸದಾಗಿ ಬಂದದ್ದರ ಲೆಕ್ಕಕ್ಕೆ ಸೇರಿಬಿಡ್ತದೆ.

ಸರಿಯಾದ ಹೋಲಿಕೆ ಅಂದರೆ ಒಂದೇ ಹೊಲದಲ್ಲಿ ಎರಡು ಪಟ್ಟಿ. ಆಸ್ಟ್ರೇಲಿಯದಲ್ಲೇ ಆಮೇಲೆ ಅದನ್ನು ಮಾಡಿದರು. ಒಬ್ಬರದೇ ಎರಡು ಕಣ್ಣು, ಒಂದಕ್ಕೆ ಆಪರೇಷನ್ ಆಗಿದೆ, ಇನ್ನೊಂದಕ್ಕೆ ಆಗಿಲ್ಲ. ವಯಸ್ಸು ಒಂದೇ, ಊಟ ಒಂದೇ, ಸೇದುವುದೂ ಒಂದೇ. ಆಪರೇಷನ್ ಆದ ಕೂಡಲೇ ಪರದೆಯ ಫೋಟೋ ತೆಗೆದು, ಅಲ್ಲಿಂದ ಲೆಕ್ಕ ಶುರು ಮಾಡಿದರು. 2012ರಲ್ಲಿ ಒಂದು, 2016ರಲ್ಲಿ ಇನ್ನೊಂದು ವರದಿ ಬಂತು. ನಾಲ್ಕೈದು ವರ್ಷ ಕಳೆದರೂ ಆಪರೇಷನ್ ಆದ ಕಣ್ಣಿಗೆ ಸವೆತ ಹೆಚ್ಚಾದದ್ದು ಕಾಣಲಿಲ್ಲ. ನನಗೆ ಎಲ್ಲಕ್ಕಿಂತ ಹೆಚ್ಚು ಮನಸ್ಸಿಗೆ ಹಿಡಿದದ್ದು ಇದೇ ಪರೀಕ್ಷೆ.

ಅಮೆರಿಕ ಸರ್ಕಾರದ ಕಣ್ಣಿನ ಸಂಸ್ಥೆ ನಡೆಸಿದ ಆರೆಡ್ಸ್ ಅನ್ನುವ ದೊಡ್ಡ ಅಧ್ಯಯನದಲ್ಲಿ 4,577 ಮಂದಿಯ ದಾಖಲೆ ನೋಡಿ 2009ರಲ್ಲಿ ಹೇಳಿದ್ದೂ ಇದನ್ನೇ. ಅದರ ಮುಂದುವರಿದ ಆರೆಡ್ಸ್-2ರ ಲೆಕ್ಕ 2022ರಲ್ಲಿ ಬಂತು, ಅದರಲ್ಲೂ ಪೊರೆ ತೆಗೆಸಿದ್ದರಿಂದ ಸವೆತ ಕೊನೆ ಹಂತಕ್ಕೆ ಹೋಗುವುದು ಹೆಚ್ಚಲಿಲ್ಲ. ಚೀಟಿ ಎತ್ತಿದಂತೆ ಕೆಲವರಿಗೆ ಈಗಲೇ, ಕೆಲವರಿಗೆ ಆರು ತಿಂಗಳು ಬಿಟ್ಟು ಆಪರೇಷನ್ ಮಾಡಿ ನೋಡಿದ ಪರೀಕ್ಷೆಗಳು ಎರಡೇ, ಒಟ್ಟು 114 ಜನ ಮಾತ್ರ. ಅದರಲ್ಲಿ ಬೇಗ ಮಾಡಿಸಿದವರಿಗೆ ನೋಟ ಸುಧಾರಿಸಿತು ಅನ್ನುವುದು ಸ್ಪಷ್ಟ. ಸವೆತದ ಮೇಲೆ ಪರಿಣಾಮ ಏನು ಅನ್ನಲು ಜನ ಸಾಲದು. ಒಟ್ಟಿನಲ್ಲಿ, ಅಪಾಯ ಸೊನ್ನೆ ಅಂತ ಯಾರೂ ಬರೆದುಕೊಟ್ಟಿಲ್ಲ. ಆದರೆ ಆಪರೇಷನ್ನಿನಿಂದ ಪರದೆ ಕೆಡುತ್ತದೆ ಅನ್ನುವ ಹಳೇ ಅನುಮಾನಕ್ಕೆ ಒಳ್ಳೆಯ ಪರೀಕ್ಷೆಗಳಲ್ಲಿ ಆಧಾರ ಸಿಕ್ಕಿಲ್ಲ.

ಹಾಗಾದರೆ ಎಷ್ಟು ಕಾಣ್ತದೆ?

ಅಕ್ಕನ ಡಾಕ್ಟ್ರು ಆಪರೇಷನ್ನಿಗೆ ಮುಂಚೆಯೇ ಆಕೆಯನ್ನು ಕೂರಿಸಿಕೊಂಡು ಹೇಳಿದರು: "ಅಮ್ಮಾ, ಗಾಜು ಹೊಸದು ಹಾಕ್ತೀನಿ. ಪರದೆ ನಿಮ್ಮ ಹಳೇದೇ ಇರ್ತದೆ. ಬೆಳಕು ಬರ್ತದೆ, ಬಣ್ಣ ಬರ್ತದೆ, ದಾರಿ ಕಾಣ್ತದೆ. ಎಡಗಣ್ಣಲ್ಲಿ ನಡುವಿನ ಮಸುಕು ಹೋಗಲ್ಲ. ಒಪ್ಪಿಗೆ ಇದ್ರೆ ಮಾಡೋಣ." ಈ ಒಂದು ಮಾತು ಮೊದಲೇ ಹೇಳಿದರೆ ಊರಲ್ಲಿ ಅರ್ಧ ಅಪವಾದ ಹುಟ್ಟುವುದೇ ಇಲ್ಲ. ಡಾಕ್ಟ್ರು ಹೇಳದಿದ್ದರೆ ನಾವೇ ಕೇಳಬೇಕು.

ಆರೆಡ್ಸ್ ಲೆಕ್ಕದಲ್ಲಿ ಸವೆತ ಎಷ್ಟೇ ಹಂತದಲ್ಲಿದ್ದರೂ ಪೊರೆ ತೆಗೆದ ಮೇಲೆ ಸರಾಸರಿ ನೋಟ ಉತ್ತಮವಾಗಿದೆ. ಸವೆತ ಕಡಿಮೆ ಇದ್ದವರಿಗೆ ಹೆಚ್ಚು ಲಾಭ, ಬಲಿತವರಿಗೆ ಕಡಿಮೆ. ಅಕ್ಕನಿಗೆ ಮೊದಲು ಬಲಗಣ್ಣು, ಒಂದೂವರೆ ತಿಂಗಳು ಬಿಟ್ಟು ಎಡಗಣ್ಣು ಮಾಡಿದರು. ಬಲಗಣ್ಣಲ್ಲಿ ಪಂಚಾಂಗ ಓದುತ್ತಾಳೆ. ಎಡಗಣ್ಣು ಒಂದರಲ್ಲೇ ನೋಡಿದರೆ ಮುಖ ಗೊತ್ತಾಗುವುದಿಲ್ಲ, ಆದರೆ ಸೀರೆ ಬಣ್ಣ ಹೇಳುತ್ತಾಳೆ, ಹೊಸ್ತಿಲು ಎಡವುವುದು ನಿಂತಿದೆ. ಬಿತ್ತನೆ ಶೇಂಗಾ ಬೀಜ ಆರಿಸಲು ಕೂತರೆ ಸೊಸೆಗಿಂತ ಮುಂದೆ. "ಗೋಡೆಗೆ ಸುಣ್ಣ ಇಷ್ಟು ಹಳದಿ ಆಗಿದ್ದು ಯಾರೂ ಹೇಳ್ಲಿಲ್ಲ" ಅಂತ ಮಗನಿಗೆ ತರಾಟೆಗೆ ತೆಗೆದುಕೊಂಡಳು.

ಆಪರೇಷನ್ನಿಗೆ ಮುಂಚೆ ಕೇಳಬೇಕಾದ್ದು

ಪಾಪೆ ಹಿಗ್ಗುವ ಡ್ರಾಪ್ಸ್ ಹಾಕಿ ಪರದೆ ನೋಡಿದರೋ ಇಲ್ಲವೋ ಅಂತ ಮೊದಲು ಕೇಳಿ. ಈ ಡ್ರಾಪ್ಸ್ ಹಾಕಿದರೆ ಕೆಲವು ಗಂಟೆ ಕಣ್ಣು ಮಂಜಾಗಿರ್ತದೆ. ಅದಕ್ಕೆ ಬೇಸರಪಟ್ಟು "ಬೇಡ ಬಿಡಿ, ಬಸ್ಸು ಹೋಗ್ತದೆ" ಅನ್ನುವವರು ನಮ್ಮಲ್ಲೇ ಇದ್ದಾರೆ. ಜೊತೆಗೆ ಒಬ್ಬರನ್ನು ಕರೆದುಕೊಂಡು ಹೋಗಿ. ಸಂಶಯ ಬಂದರೆ ಓ.ಸಿ.ಟಿ. ಅನ್ನುವ ಸ್ಕ್ಯಾನ್ ಮಾಡ್ತಾರೆ. ಬರೀ ಬೆಳಕಿನಲ್ಲೇ ಮಾಡುವುದು, ಸೂಜಿ ಇಲ್ಲ, ನೋವಿಲ್ಲ, ಕೆಲವೇ ನಿಮಿಷ. ನೆಲ ಅಗೆದಾಗ ಮಣ್ಣಿನ ಪದರ ಕಾಣುವಂತೆ ಪರದೆಯ ಪದರ ಪದರ ಕಾಣ್ತದೆ. ಪೊರೆ ತೀರಾ ಬಲಿತಿದ್ದರೆ ಆ ಬೆಳಕೂ ಒಳಗೆ ಹೋಗುವುದಿಲ್ಲ. ಆಗ ಹೊಟ್ಟೆ ಸ್ಕ್ಯಾನ್ ಮಾಡುವ ಹಾಗೆ ಶಬ್ದದ ಅಲೆಯಲ್ಲಿ ನೋಡ್ತಾರೆ. ಪರದೆ ಕಿತ್ತು ಬಂದಿದ್ದರೆ ಅದರಲ್ಲಿ ತಿಳೀತದೆ. ಸಣ್ಣ ಸವೆತ ತಿಳಿಯುವುದಿಲ್ಲ.

"ಪೊರೆ ಹಣ್ಣಾಗ್ಲಿ, ಆಮೇಲೆ ತೆಗೆಸಿದ್ರಾಯ್ತು" ಅನ್ನುವುದು ಹಳೇ ಪದ್ಧತಿಯ ಮಾತು. ಈಗಿನ ಆಪರೇಷನ್ನಿಗೆ ಹಣ್ಣಾಗಬೇಕಾಗಿಲ್ಲ. ಬಲಿತು ಕಲ್ಲಾದರೆ ತೆಗೆಯುವುದೇ ಕಷ್ಟ. ಹಿಂದಿನ ಪರದೆ ನೋಡುವ ಅವಕಾಶವೂ ತಪ್ಪಿ ಹೋಗ್ತದೆ. ದಿನದ ಕೆಲಸಕ್ಕೆ ತೊಂದರೆ ಶುರುವಾದರೆ ಅದೇ ಕಾಲ.

ತೇವದ ಬಗೆ ಇದೆ, ಈಗ ಸೋರುತ್ತಿದೆ ಅಂತ ಗೊತ್ತಾದರೆ ಸಾಮಾನ್ಯವಾಗಿ ಮೊದಲು ಇಂಜೆಕ್ಷನ್ನಿನಿಂದ ಅದನ್ನು ಹತೋಟಿಗೆ ತಂದು ಆಮೇಲೆ ಪೊರೆಗೆ ಕೈ ಹಾಕ್ತಾರೆ. ಅವಸರ ಮಾಡಬೇಡಿ.

ಲೆನ್ಸಿನ ಆಯ್ಕೆ ವಿಷಯ. ದೂರ, ಹತ್ತಿರ ಎರಡಕ್ಕೂ ಕನ್ನಡಕ ಬೇಡ ಅನ್ನುವ ಮಲ್ಟಿಫೋಕಲ್ ಲೆನ್ಸು ಬಂದಿದೆ, ಬೆಲೆ ಜಾಸ್ತಿ. ಅದು ಬರುವ ಬೆಳಕನ್ನು ಹಂಚಿ ಕಳಿಸುತ್ತದೆ. ಸವೆದ ನಡುಪರದೆಗೆ ಹಂಚಿದ ಬೆಳಕು ಸಾಲದು. ಇಂಥವರಿಗೆ ಸಾದಾ ಲೆನ್ಸೇ ಮೇಲು ಅಂತ ಡಾಕ್ಟ್ರುಗಳು ಹೇಳ್ತಾರೆ. ಎತ್ತು ಮಾರಿ ದುಬಾರಿ ಲೆನ್ಸು ಹಾಕಿಸುವ ಮುಂಚೆ ಇದು ಗೊತ್ತಿರಲಿ. ನೀಲಿ ಬೆಳಕು ತಡೆಯುವ ಹಳದಿ ಲೆನ್ಸೂ ಇದೆ. ಪರದೆಯನ್ನು ಅದು ಕಾಪಾಡುತ್ತದೆ ಅನ್ನಲು ಗಟ್ಟಿ ಪುರಾವೆ ಇಲ್ಲವೆಂದು 2018ರಲ್ಲಿ ಎಲ್ಲ ಪರೀಕ್ಷೆಗಳನ್ನೂ ಕೂಡಿಸಿ ನೋಡಿದವರು ಬರೆದಿದ್ದಾರೆ. ಹಾಕಿದರೆ ತೊಂದರೆ ಅಂತ ಅಲ್ಲ, ಅದಕ್ಕಾಗಿಯೇ ಸಾಲ ಮಾಡುವುದು ಬೇಡ.

ಆಪರೇಷನ್ ಆದ ಮೇಲೆ ಮಂಜಾದರೆ

ಆಪರೇಷನ್ನಿನಿಂದ ತೊಂದರೆ ಆಗುವುದೇ ಇಲ್ಲ ಅಂತ ನಾನು ಹೇಳುತ್ತಿಲ್ಲ. ಮೊದಲ ಕೆಲವು ದಿನಗಳಲ್ಲಿ ಕಣ್ಣು ಕೆಂಪಾಗಿ, ನೋವು ಬಂದು, ನೋಟ ಇಳಿದರೆ ಒಳಗೆ ಸೋಂಕು ಆಗಿರಬಹುದು. ಅಪರೂಪ, ಆದರೆ ಅವತ್ತೇ ಓಡಬೇಕು. ಬೆಳಗಾಗಲಿ ಅನ್ನಬಾರದು. ಕೆಲವು ವಾರ ಬಿಟ್ಟು ಮಂಜಾದರೆ ನಡುಪರದೆಗೆ ನೀರು ತುಂಬಿ ಬಾವು ಬಂದಿರಬಹುದು. ಇದು ಸವೆತವಲ್ಲ, ಬಹಳಷ್ಟು ಜನಕ್ಕೆ ಡ್ರಾಪ್ಸ್‌ನಲ್ಲೇ ಇಳೀತದೆ. ಸಕ್ಕರೆ ಕಾಯಿಲೆ ಇದ್ದವರಿಗೆ ಇದು ಹೆಚ್ಚು, ಜೊತೆಗೆ ಅವರ ಪರದೆಗೆ ಸಕ್ಕರೆಯದೇ ಬೇರೆ ತೊಂದರೆ ಇರ್ತದೆ.

ತಿಂಗಳುಗಳೋ ವರ್ಷಗಳೋ ಕಳೆದ ಮೇಲೆ ನಿಧಾನವಾಗಿ ಮಂಜಾಗುತ್ತಾ ಬಂದರೆ ಜನ "ಪೊರೆ ಮತ್ತೆ ಬೆಳೀತು" ಅಂತಾರೆ. ಬೆಳೆಯುವುದಲ್ಲ. ಹೊಸ ಲೆನ್ಸು ಕೂರಿಸಿದ ಚೀಲದ ಹಿಂದಿನ ಗೋಡೆ ಮಾಸಿರ್ತದೆ. ಲೇಸರಿನಲ್ಲಿ ಕೆಲವೇ ನಿಮಿಷದಲ್ಲಿ ಕಿಂಡಿ ಮಾಡ್ತಾರೆ, ಮನೆಗೆ ಕಳಿಸ್ತಾರೆ. ಇಷ್ಟು ಸುಲಭದ್ದಕ್ಕೂ "ಆಪರೇಷನ್ ಫೇಲಾಯ್ತು" ಅಂತ ಮನೆಯಲ್ಲೇ ಕೂತವರನ್ನು ನಾನು ಬಲ್ಲೆ.

ಸಾಲು ಡೊಂಕಾದರೆ

ತೇವದ ಸವೆತಕ್ಕೆ ಮೊದಲ ಗುರುತು, ನೇರ ಇದ್ದದ್ದು ಡೊಂಕಾಗಿ ಕಾಣುವುದು. ಪರದೆ ಉಬ್ಬಿದ ಜಾಗದಲ್ಲಿ ಗೆರೆ ಬಳುಕುತ್ತದೆ. ನಮಗೆ ಇದನ್ನು ಹಿಡಿಯುವುದು ಸುಲಭ. ಕೂರಿಗೆ ಸಾಲು ಹಿಡಿದವರ ಕಣ್ಣು ಡೊಂಕು ಕಂಡರೆ ಸುಮ್ಮನಿರುವುದಿಲ್ಲ. ಮೊನ್ನೆ ನೆಟ್ಟಗಿದ್ದ ಸಾಲು, ಕರೆಂಟು ಕಂಬ, ಬಾಗಿಲ ಚೌಕಟ್ಟು ಇವತ್ತು ಬಳುಕಿದರೆ ಕೆಟ್ಟಿರುವುದು ಕಂಬವಲ್ಲ.

ಇದಕ್ಕೆ ಸ್ವಿಟ್ಜರ್ಲೆಂಡಿನ ಮಾರ್ಕ್ ಆಮ್ಸ್‌ಲರ್ ಅನ್ನುವ ಡಾಕ್ಟ್ರು ಮಾಡಿದ ಚೌಕುಳಿ ಹಾಳೆ ಇದೆ. ಹತ್ತು ಸೆಂಟಿಮೀಟರ್ ಚೌಕ, ಅದರೊಳಗೆ ಅರ್ಧರ್ಧ ಸೆಂಟಿಮೀಟರಿನ ಮನೆಗಳು, ನಟ್ಟನಡುವೆ ಒಂದು ಚುಕ್ಕಿ. ಮಕ್ಕಳ ಚೌಕುಳಿ ಗೆರೆಯ ಲೆಕ್ಕದ ಪುಸ್ತಕದಲ್ಲಿ ನೀವೇ ಗೀಚಿಕೊಳ್ಳಬಹುದು. ಓದುವ ಕನ್ನಡಕ ಇದ್ದರೆ ಹಾಕಿಕೊಂಡು, ಒಂದಡಿ ದೂರದಲ್ಲಿ ಹಿಡಿದು, ಒಂದು ಕಣ್ಣು ಮುಚ್ಚಿ ಇನ್ನೊಂದರಲ್ಲಿ ಚುಕ್ಕಿ ನೋಡಬೇಕು. ಆಮೇಲೆ ಮತ್ತೊಂದು ಕಣ್ಣು. ಎರಡೂ ಕಣ್ಣು ಬಿಟ್ಟು ನೋಡಿದರೆ ಪ್ರಯೋಜನವಿಲ್ಲ, ಒಳ್ಳೇ ಕಣ್ಣು ಕೆಟ್ಟದ್ದರ ತಪ್ಪನ್ನು ಮುಚ್ಚಿ ಹಾಕ್ತದೆ. ಜೋಡೆತ್ತಿನಲ್ಲಿ ಒಂದು ಮೈಗಳ್ಳ ಆದರೂ ನೇಗಿಲು ಹೋಗುವ ಹಾಗೆ. ಅಕ್ಕನ ಮನೆಯಲ್ಲಿ ಹಾಳೆ ಕ್ಯಾಲೆಂಡರ್ ಪಕ್ಕ ನೇತಾಡುತ್ತಿದೆ. ನನಗೀಗ 56. ನಾನೂ ಬೆಳಿಗ್ಗೆ ಕಿಟಕಿ ಸರಳು ನೋಡಿಕೊಳ್ತೇನೆ.

ಗೆರೆ ಬಳುಕಿದರೆ, ನಡುವೆ ಕಪ್ಪು ಕಲೆ ಬಂದರೆ ಪರದೆ ನೋಡುವ ಡಾಕ್ಟ್ರ ಹತ್ತಿರ ಕೆಲವೇ ದಿನದೊಳಗೆ ಹೋಗಬೇಕು. ಕಣ್ಣೊಳಗೇ ಕೊಡುವ ಇಂಜೆಕ್ಷನ್ ಇದೆ. ಕೇಳಲು ಭಯ, ಆದರೆ ಜೋಮು ಹಿಡಿಸಿ ಕೊಡ್ತಾರೆ, ಕ್ಷಣದ ಕೆಲಸ. ಕಳೆನಾಳ ಬೆಳೆಯಲು ದೇಹದಲ್ಲಿ ಏಳುವ ಒಂದು ಪದಾರ್ಥವನ್ನು ಈ ಔಷಧಿ ತಡೀತದೆ. ರ‍್ಯಾನಿಬಿಜುಮ್ಯಾಬ್ ಅನ್ನುವ ಔಷಧಿಗೆ ಅಮೆರಿಕದಲ್ಲಿ 2006ರಲ್ಲಿ ಒಪ್ಪಿಗೆ ಸಿಕ್ಕಿತು. ಕರುಳಿನ ಕ್ಯಾನ್ಸರಿಗೆ ಅಂತ ಬಂದ ಬೆವಸಿಜುಮ್ಯಾಬ್ ಅನ್ನು ಸಣ್ಣ ಪ್ರಮಾಣದಲ್ಲಿ ಕಣ್ಣಿಗೂ ಬಳಸುವ ರೂಢಿ ಇದೆ, ಅದರ ಬೆಲೆ ಬಹಳ ಕಡಿಮೆ. ಎರಡನ್ನೂ ಹೋಲಿಸಿ ಅಮೆರಿಕದಲ್ಲಿ ಮಾಡಿದ ಪರೀಕ್ಷೆಯ ಫಲ 2011ರಲ್ಲಿ ಬಂದಾಗ ನೋಟ ಉಳಿಸುವುದರಲ್ಲಿ ಎರಡೂ ಸರಿಸಮ ಅಂತಾಯಿತು. ದುಬಾರಿ ಔಷಧಿ ಚೀಟಿ ಕೈಗೆ ಬಂದಾಗ ಕಡಿಮೆ ಬೆಲೆಯದ್ದು ನಡೆಯುತ್ತದೆಯೇ ಅಂತ ಕೇಳಲು ನಾಚಿಕೆ ಬೇಡ. ಒಣ ಸವೆತ ಬಲಿತವರಿಗೆ 2023ರಲ್ಲಿ ಅಮೆರಿಕದಲ್ಲಿ ಎರಡು ಇಂಜೆಕ್ಷನ್ನುಗಳಿಗೆ ಒಪ್ಪಿಗೆಯಾಗಿದೆ. ಅವು ಸವೆತವನ್ನು ನಿಧಾನ ಮಾಡ್ತವೆ ಅಷ್ಟೇ, ಹೋದ ನೋಟ ತರುವುದಿಲ್ಲ.

ಬೀಡಿ, ಸೊಪ್ಪು, ಮಾತ್ರೆ

ವಯಸ್ಸು, ವಂಶ ನಮ್ಮ ಕೈಲಿಲ್ಲ. ಕೈಲಿರುವುದು ಬೀಡಿ. ಪೊರೆಗೂ ಸವೆತಕ್ಕೂ ಎರಡಕ್ಕೂ ಅದು ಕಾರಣ.

ಸೊಪ್ಪು ತಿನ್ನಿ, ನುಗ್ಗೆಯೋ ಹೊನಗೊನ್ನೆಯೋ ಬದುವಿನಲ್ಲಿ ಸಿಕ್ಕಿದ್ದು. ನಡುಪರದೆಯಲ್ಲಿರುವ ಹಳದಿ ಬಣ್ಣದ ಲೂಟೀನ್ ಹಸಿರು ಸೊಪ್ಪಿನಲ್ಲಿದೆ. ಆದರೆ ಸೊಪ್ಪು ತಿಂದು ಪೊರೆ ಕರಗಿಸುತ್ತೇನೆ ಅಂತ ಹೊರಡಬೇಡಿ. ಮಾತ್ರೆ ವಿಷಯಕ್ಕೆ ಬಂದರೆ, ಆರೆಡ್ಸ್‌ನಲ್ಲಿ ಸಿ, ಇ ಜೀವಸತ್ವ, ಬೀಟಾ ಕ್ಯಾರೋಟಿನ್, ಸತು, ತಾಮ್ರ ಸೇರಿಸಿ ಕೊಟ್ಟಾಗ ಸವೆತ ನಡುಹಂತದಲ್ಲಿದ್ದವರಿಗೆ ಮುಂದಿನ ಐದು ವರ್ಷದಲ್ಲಿ ಕೊನೆ ಹಂತಕ್ಕೆ ಹೋಗುವ ಅಪಾಯ ನೂರಕ್ಕೆ ಸುಮಾರು 25ರಷ್ಟು ಇಳಿಯಿತು ಅಂತ 2001ರಲ್ಲಿ ತಿಳಿಯಿತು. ಬೀಡಿ ಸಿಗರೇಟು ಸೇದುವವರಿಗೆ ಬೀಟಾ ಕ್ಯಾರೋಟಿನ್ ಶ್ವಾಸಕೋಶದ ಕ್ಯಾನ್ಸರಿನ ಅಪಾಯ ಹೆಚ್ಚಿಸುವುದರಿಂದ 2013ರ ಆರೆಡ್ಸ್-2ರ ನಂತರ ಅದರ ಬದಲು ಲೂಟೀನ್, ಜಿಯಾಕ್ಸಾಂಥಿನ್ ಹಾಕ್ತಾರೆ. ಸವೆತ ಇಲ್ಲದವರಿಗೆ, ಶುರುವಿನ ಹಂತದವರಿಗೆ ಈ ಮಾತ್ರೆಯಿಂದ ಲಾಭ ಕಂಡಿಲ್ಲ. "ಕಣ್ಣಿಗೆ ಒಳ್ಳೇದು" ಅಂತ ಅಂಗಡಿಯವನು ಕೊಟ್ಟದ್ದನ್ನೆಲ್ಲ ನುಂಗುವುದು ದುಡ್ಡು ದಂಡ.

ಮುಂಗಾರಿನಲ್ಲಿ ಇಂಜೆಕ್ಷನ್

ತೇವದ ಸವೆತ ಹಿಡಿದವರ ಮನೆಯವರಿಗೆ ಇನ್ನೊಂದು ಮಾತು. ಈ ಇಂಜೆಕ್ಷನ್ ಒಂದಕ್ಕೆ ಮುಗಿಯುವುದಲ್ಲ. ಸಾಮಾನ್ಯವಾಗಿ ಮೊದಲು ತಿಂಗಳಿಗೊಂದರಂತೆ ಮೂರು, ಆಮೇಲೆ ಸ್ಕ್ಯಾನ್ ನೋಡಿ ಮುಂದಿನದ್ದು. ನಮ್ಮ ಹಳ್ಳಿಗಳಲ್ಲಿ ಎರಡು ಆದ ಮೇಲೆ ಮಳೆ ಬಂತು, ಬಿತ್ತನೆ ಬಂತು ಅಂತ ಬಿಟ್ಟುಬಿಡ್ತಾರೆ. ಅಜ್ಜಿಯನ್ನು ಕರೆದುಕೊಂಡು ಹೋಗಲು ಮನೆಯಲ್ಲಿ ಆಳಿಲ್ಲ ಅಂತಾರೆ. ನಿಲ್ಲಿಸಿದ ಮೇಲೆ ಸೋರಿ ಗಾಯದ ಕಲೆ ಆದರೆ ಆಮೇಲೆ ಎಷ್ಟು ಕೊಟ್ಟರೂ ಆ ಜಾಗ ಮತ್ತೆ ನೋಡುವುದಿಲ್ಲ. ತಾರೀಕನ್ನು ಬಿತ್ತನೆಗೆ ಮುಂಚೆಯೇ ಡಾಕ್ಟ್ರ ಹತ್ತಿರ ಮಾತಾಡಿ ಗೊತ್ತು ಮಾಡಿಕೊಳ್ಳಿ. ಮನೆಯಲ್ಲಿ ಬಿಡುವಿಲ್ಲದಿದ್ದರೆ ಅದೇ ದಿನ ಪೇಟೆಗೆ ಹೋಗುವ ಪಕ್ಕದ ಮನೆಯವರ ಜೊತೆಯಾದರೂ ಕಳಿಸಿ. ಇಂಜೆಕ್ಷನ್ ಆದ ದಿನ ಕಣ್ಣು ಮಸುಕಿರ್ತದೆ, ಆದ್ದರಿಂದ ಒಬ್ಬರೇ ಬಸ್ ಹತ್ತುವುದು ಮಾತ್ರ ಬೇಡ.